ಕಿಣ್ವದ ಚರಿತ್ರೆ

ಇಂಗ್ಲಿಷಿನ 'ಎನ್‌ಜೈಮ್' ಎಂಬ ಮಾತಿಗೆ ನಮ್ಮ ವಿಜ್ಞಾನ ಲೇಖಕರು 'ಕಿಣ್ವ' ಎಂಬ ಮಾತನ್ನು ಇಟ್ಟುಕೊಂಡಿದ್ದಾರೆ. ಇದು ಹೊಸದಾಗಿ ಕಟ್ಟಿದ ಶಬ್ದವಲ್ಲ, ಬಹುಕಾಲದಿಂದ ಇದ್ದ ಶಬ್ದ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟರಷ್ಟೆ. ಆ ಗ್ರಂಥದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳುವ ಒಂದು ಅಧ್ಯಾಯವುಂಟು. ಉದ್ದಿನ ಹಿಟ್ಟು, ಅಕ್ಕಿ, ಮೋರಟ ಮೊದಲಾದುವುಗಳನ್ನು ಇಂತಿಷ್ಟೆಂದು ಅಳೆದು ಬೆರೆಸಿದರೆ ಕಿಣ್ವವಾಗುವುದೆಂದು ಅಲ್ಲಿ ಹೇಳಿದೆ. ಮದ್ಯವನ್ನು ಹುಳಿಯಿಸುವುದಕ್ಕೆ ಹಾಕುತ್ತಿದ್ದ ಹುದುಗೇ ಈ ಕಿಣ್ವ. 'ಎನ್‌ಜೈಮ್' ಎಂಬ ಶಬ್ದಕ್ಕೂ ಗ್ರೀಕ್ ಭಾಷೆಯಲ್ಲಿ 'ಹುದುಗಿನೊಳಗಿರುವುದು' ಎಂದೇ ಅರ್ಥವಾದ್ದರಿಂದ ಎರಡಕ್ಕೂ ಹೊಂದಿಕೆ ಚೆನ್ನಾಗಿಯೇ ಆಗಿದೆ.

ಇದೇ ಶಬ್ದವು ನಮ್ಮ ದರ್ಶನಗ್ರಂಥಗಳಲ್ಲಿಯೂ ಬರುತ್ತದೆ. ಅಲ್ಲಿ ಅದು ಬರುವ ಸಂದರ್ಭವು ಇನ್ನೂ ಸ್ವಾರಸ್ಯವಾದುದು. ಕಿಣ್ವವೇ ಮೊದಲಾದ ವಸ್ತುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡರೆ ಅಮಲೆಂಬುದಿಲ್ಲ. ಅವು ಕೂಡಿದಾಗ ಅಮಲು ಹುಟ್ಟುತ್ತದೆ. ಹಾಗೆಯೇ ಪೃಥಿವಿ, ಅಪ್ಪು, ತೇಜಸ್ಸು, ವಾಯು ಇವು ಕೂಡಿದಾಗ ಚೈತನ್ಯವು ಹುಟ್ಟುತ್ತದೆ. ಅದಕ್ಕಾಗಿ ಬೇರೆ ಆತ್ಮವನ್ನು ಕಲ್ಪಿಸಬೇಕಾದುದಿಲ್ಲ ಎಂದು ಚಾರ್ವಾಕರು ವಾದಿಸುತ್ತಿದ್ದರು. ಶಂಕರಾಚಾರ್ಯರು ತಮ್ಮ ಸೂತ್ರಭಾಷ್ಯದಲ್ಲಿ ಈ ವಾದವನ್ನು ಎತ್ತಿಕೊಂಡು ಖಂಡಿಸಿದ್ದಾರೆ. ಮಾಧವನ ಸರ್ವದರ್ಶನಸಂಗ್ರಹವು ಇದನ್ನೇ ಪೂರ್ವಪಕ್ಷವಾಗಿ ಮೊದಲಿಗೆ ಇಟ್ಟುಕೊಂಡು ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ರಸಾಯನಶಾಸ್ತ್ರಜ್ಞರು ಚಾರ್ವಾಕರ ಗೊಡವೆಯೇ ಇಲ್ಲದೆ, ಇದೇ ಹುದುಗಿನ ಪಾತ್ರೆಯನ್ನು ಮುಂದಿಟ್ಟುಕೊಂಡು, ಬಹುಮಟ್ಟಿಗೆ ಇದೇ ಪ್ರಶ್ನೆಗಾಗಿ ಅರವತ್ತು ವರ್ಷ ಜಗಳವಾಡಿದರು. ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡುವುದು ಜೀವವೋ, ಜಡವಾದ ಒಂದು ವಸ್ತುವೋ? ಈ ಭಾಷಣವು ಆ ಜಗಳದ ಚರಿತ್ರೆ. ಜಗಳ ತೀರಿದಮೇಲೆ ಕಿಣ್ವವು ವೈದ್ಯರ ಮನೆಗೂ ಕಾರ್ಖಾನೆಗೂ ಹೇಗೆ ಬಂದಿತೆಂಬುದರ ಚರಿತ್ರೆಯೂ ಅಹುದು.

ಈ ಪ್ರಶ್ನೆ ಮೊದಲು ತಲೆಯೆತ್ತಿದ್ದು ಹುದುಗಿನ ಪಾತ್ರೆಯಲ್ಲಲ್ಲ, ಹೊಟ್ಟೆಯಲ್ಲಿ. ತಿಂದ ಆಹಾರವು ಜಠರದಲ್ಲಿ ಬೀಸುವಕಲ್ಲಿನಲ್ಲಿ ಅರೆಯುವ ಹಾಗೆ ಅರೆಯಲ್ಪಡುವುದೆಂದು ಕೆಲವರೂ, ಕೊಳೆಯುವುದೆಂದು ಕೆಲವರೂ, ಯಾವುದೋ ರಸದಲ್ಲಿ ಕರಗುವುದೆಂದು ಮತ್ತೆ ಕೆಲವರೂ ಹೇಳುತ್ತಿದ್ದ ಕಾಲ. ಫ್ರಾನ್ಸಿನಲ್ಲಿ ರೆಯೊಮ್ಯೂರ್ ಎಂಬ ಪಂಡಿತನಲ್ಲಿ ಸಾಕಿದ ಹದ್ದೊಂದಿತ್ತು. ಹದ್ದು ತನಗೆ ಜೀರ್ಣವಾಗದ ವಸ್ತುಗಳನ್ನು ಕಾರಿಕೊಳ್ಳುವ ಸ್ವಭಾವದ ಹಕ್ಕಿ. ಆತನು ಲೋಹದ ಸಣ್ಣ ಕೊಳವೆಯೊಳಗೆ ಮಾಂಸದ ಚೂರನ್ನಿಟ್ಟು, ರಸವು ಒಳಕ್ಕೆ ಹೋಗುವಂತೆ ಬಾಯಿಗಳಿಗೆ ಜಾಲರಿ ಕಟ್ಟಿ, ಹದ್ದಿಗೆ ನುಂಗಿಸಿದನು. ಅದು ಕಾರಿದ ಕೊಳವೆಯನ್ನು ನೋಡಿದರೆ ಲೋಹವು ಎಳ್ಳಷ್ಟೂ ನಗ್ಗಿರಲಿಲ್ಲ. ಮಾಂಸವಾದರೋ ಕರಗಿ ಮೆತ್ತಗಾಗಿತ್ತು. ಕೊಳೆತ ನಾತವೂ ಇರಲಿಲ್ಲ. 1752ರಲ್ಲಿ ಆತನು ಇದನ್ನು ಪ್ರಕಟಿಸಿದನು. ಬಳಿಕ ಇಟಲಿಯ ಪಾವಿಯಾ ನಗರದಲ್ಲಿ ಪ್ರಾಧ್ಯಾಪಕನೂ ಪಾದ್ರಿಯೂ ಆಗಿದ್ದ ಸ್ಪಲಾಂಜಾನಿ ಎಂಬಾತನು ಹಕ್ಕಿಗಳ ಮೇಲೆ ಮಾಡಿದ್ದು ಸಾಲದೆ, ಆಹಾರ ತುಂಬಿದ ಬಟ್ಟೆಯ ಚೀಲಗಳನ್ನು ತಾನೇ ನುಂಗಿ ನೋಡಿದನು. ಪ್ರಾಣಿಗಳ ಜಠರರಸವನ್ನು ಸಂಗ್ರಹಿಸಿ ಕೊಳವೆಗಳಲ್ಲಿ ಮಾಂಸದೊಡನೆ ಹಾಕಿ, ಮೈಯ ಬಿಸಿ ತಗಲಲೆಂದು ದಿನಗಟ್ಟಲೆ ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದನು. ಮಾಂಸವು ಅಲ್ಲಿಯೂ ಕರಗಿತು. ಹೊಟ್ಟೆಯ ಕೆಲಸವು ಹೊಟ್ಟೆಯ ಹೊರಗೆ, ಗಾಜಿನ ಕೊಳವೆಯಲ್ಲಿ, ಮೊದಲಬಾರಿಗೆ ನಡೆದುದು ಹೀಗೆ. 1836ರಲ್ಲಿ ಜರ್ಮನಿಯ ಶ್ವಾನ್ ಎಂಬಾತನು ಆ ರಸದಲ್ಲಿ ಹುಳಿಯಲ್ಲದೆ ಬೇರೊಂದು ವಸ್ತುವೂ ಇದೆಯೆಂದು ತೋರಿಸಿ ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟನು.

ಅದಕ್ಕೆ ಮೂರು ವರ್ಷ ಮುಂಚೆ, 1833ರಲ್ಲಿ, ಪ್ಯಾರಿಸಿನ ಪಾಯೆನ್ ಮತ್ತು ಪರ್ಸೋ ಎಂಬ ಇಬ್ಬರು ಮೊಳಕೆಬಂದ ಬಾರ್ಲಿಯನ್ನು ನೀರಿನಲ್ಲಿ ಕಲಸಿ, ಆ ನೀರಿಗೆ ಮದ್ಯಸಾರವನ್ನು ಹಾಕಿ, ಕೆಳಗೆ ಕುಳಿತ ಬಿಳಿಯ ಪುಡಿಯನ್ನು ಒಣಗಿಸಿದ್ದರು. ಆ ಪುಡಿಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಶಕ್ತಿಯಿತ್ತು. ಒಂದು ಭಾಗ ಪುಡಿಯು ಎರಡು ಸಾವಿರ ಭಾಗ ಪಿಷ್ಟವನ್ನು ಕರಗಿಸುವಷ್ಟು ಪ್ರಬಲವೆಂದು ಅವರು ಲೆಕ್ಕಮಾಡಿದರು. ಕುದಿಸಿದರೆ ಆ ಶಕ್ತಿ ಹೋಗಿಬಿಡುತ್ತಿತ್ತು. ಇದಕ್ಕೆ ಅವರು ಡಯಸ್ಟೇಸ್ ಎಂದು ಹೆಸರಿಟ್ಟರು. ಇಂದಿಗೂ ಕಿಣ್ವಗಳ ಹೆಸರುಗಳು 'ಏಸ್' ಎಂದು ಮುಗಿಯುವುದು ಈ ಹಿರಿಯನ ನೆನಪಿನಿಂದ. ನಮ್ಮ ಸೀಮೆಯ ತಾಯಂದಿರಿಗೆ ಈ ವಿಷಯದಲ್ಲಿ ಪಾಯೆನ್ನನ ಉಪದೇಶವೇನೂ ಬೇಕಿರಲಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದಮೇಲೆ ಒಣಗಿಸಿ ಬೀಸಿದ ಹಿಟ್ಟಿನ ಗಂಜಿಯು ಬರಿಯ ರಾಗಿಯ ಗಂಜಿಗಿಂತ ತೆಳ್ಳಗೂ ಸಿಹಿಯಾಗಿಯೂ ಇರುವುದನ್ನು ಅವರು ಬಲ್ಲರು. ಮೊಳೆಯುವ ಕಾಳು ತನ್ನ ಪಿಷ್ಟವನ್ನು ಒಡೆದುಕೊಳ್ಳುವುದಕ್ಕಾಗಿ ಮಾಡಿಕೊಂಡ ಕಿಣ್ವವೇ ಅಲ್ಲಿ ಕೂಸಿನ ಉಪಯೋಗಕ್ಕೆ ಬರುತ್ತದೆ.

ಇಲ್ಲಿಯವರೆಗೆ ಜಡಪಕ್ಷಕ್ಕೆ ಗೆಲವೆಂದು ತೋರಬಹುದು. ಆದರೆ ಮದ್ಯದ ವಿಷಯವು ಹೀಗೆ ಸುಲಭವಾಗಿ ತೀರಲಿಲ್ಲ. 1837ರ ಸುಮಾರಿನಲ್ಲಿ ಮೂವರು ಬೇರೆ ಬೇರೆಯಾಗಿ ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡಿ, ಯೀಸ್ಟ್ ಎಂಬ ಹುದುಗು ಬರಿಯ ಗಸಿಯಲ್ಲ, ಮೊಗ್ಗೊಡೆದು ಬೆಳೆಯುವ ಜೀವಿಗಳ ರಾಶಿ, ಎಂದು ಹೇಳಿದರು. ಮೂವರಲ್ಲಿ ಒಬ್ಬನು ಪೆಪ್ಸಿನ್ನಿನ ಶ್ವಾನನೇ. ಆ ಕಾಲದ ರಸಾಯನಶಾಸ್ತ್ರದ ಸಾಮ್ರಾಟನಂತಿದ್ದ ಲೀಬಿಗನಿಗೆ ಈ ಮಾತು ಸಹಿಸಲಿಲ್ಲ. ದೇಹದ ವ್ಯಾಪಾರಗಳನ್ನೆಲ್ಲ ಈಗತಾನೆ ರಸಾಯನಶಾಸ್ತ್ರದ ಹಿಡಿತಕ್ಕೆ ತರುತ್ತಿರುವಾಗ, ಮತ್ತೆ ಎಲ್ಲಕ್ಕೂ ಜೀವವೇ ಕಾರಣವೆನ್ನುವುದು ಅವನ ದೃಷ್ಟಿಯಲ್ಲಿ ಹಿಂದಕ್ಕೆ ಹೋಗುವ ಮಾತು. 1839ರಲ್ಲಿ ಅವನ ಪತ್ರಿಕೆಯಲ್ಲಿ ಒಂದು ಅನಾಮಧೇಯ ಲೇಖನ ಬಂದಿತು. ಅದನ್ನು ಬರೆದವರು ಲೀಬಿಗನೂ ಅವನ ಸ್ನೇಹಿತ ವೊಯ್ಲರನೂ. ಯೀಸ್ಟಿನ ಮೊಟ್ಟೆಗಳೊಡೆದು ಭಟ್ಟಿಯ ಪಾತ್ರೆಯ ಆಕಾರದ ಪುಟ್ಟ ಪ್ರಾಣಿಗಳು ಹೊರಬರುವುದನ್ನು ತಾವು ಕಂಡೆವೆಂದೂ, ಅವು ಸಕ್ಕರೆಯನ್ನು ಗಬಗಬನೆ ತಿಂದು ಒಂದು ದ್ವಾರದಿಂದ ಮದ್ಯಸಾರವನ್ನೂ ಇನ್ನೊಂದರಿಂದ ಅಂಗಾರಾಮ್ಲ ವಾಯುವನ್ನೂ ವಿಸರ್ಜಿಸುವುವೆಂದೂ, ಅವುಗಳ ಮೂತ್ರಾಶಯವು ಷಾಂಪೇನ್ ಬುಡ್ಡಿಯಂತಿದೆಯೆಂದೂ ಬರೆದಿದ್ದರು. ವಿದ್ವತ್ಪತ್ರಿಕೆಗಳಲ್ಲಿ ಇಂಥ ಹಾಸ್ಯವು ಅಪರೂಪ. ಓದಿ ನಗಬಹುದು, ಆದರೆ ಯೀಸ್ಟು ಜೀವಿಯೆಂಬ ನಿಜವನ್ನು ಈ ನಗೆಯು ಬಹುಕಾಲ ಹಿಂದಕ್ಕೆ ತಳ್ಳಿತೆಂಬುದನ್ನೂ ನೆನೆಯಬೇಕು.

ಲೀಬಿಗನಿಗೆ ಎದುರಾಳಿಯಾಗಿ ಬಂದವನು ಪಾಸ್ತರನು. 1856ರಲ್ಲಿ ಲೀಲ್ ನಗರದಲ್ಲಿ ಬೀಟುಗೆಡ್ಡೆಯಿಂದ ಮದ್ಯಸಾರ ತೆಗೆಯುತ್ತಿದ್ದ ಒಬ್ಬ ವ್ಯಾಪಾರಿಯು ತನ್ನ ತೊಟ್ಟಿಗಳು ಕೆಡುತ್ತಿವೆಯೆಂದು ಅವನಲ್ಲಿಗೆ ಬಂದನು. ಪಾಸ್ತರನು ಎರಡು ಬಗೆಯ ತೊಟ್ಟಿಗಳ ರಸವನ್ನೂ ಯಂತ್ರದಲ್ಲಿ ನೋಡಿದನು. ಒಳ್ಳೆಯ ತೊಟ್ಟಿಯಲ್ಲಿ ದುಂಡಾದ ಯೀಸ್ಟಿನ ಕಣಗಳು. ಕೆಟ್ಟುದರಲ್ಲಿ ಕಡ್ಡಿಯಂಥ ಬೇರೆ ಜೀವಾಣುಗಳು. ನಾಲ್ಕು ವರ್ಷಗಳ ಪರಿಶ್ರಮದ ಬಳಿಕ, 1860ರಲ್ಲಿ, ಆತನು ತನ್ನ ಸಿದ್ಧಾಂತವನ್ನು ಸ್ಪಷ್ಟವಾಗಿ ಹೇಳಿದನು. ಜೀವಕಣಗಳು ಬದುಕಿ ಬೆಳೆಯದೆ ಹುಳಿಯುವಿಕೆಯೆಂಬುದಿಲ್ಲ. ಅಲ್ಲಿಂದ ಮುಂದೆ ವಿದ್ವಾಂಸರು ಹುದುಗುಗಳಲ್ಲಿ ಎರಡು ಪಂಗಡ ಮಾಡಿದರು. ಯೀಸ್ಟಿನಂಥವು ಜೀವವುಳ್ಳ ಹುದುಗುಗಳು; ಪೆಪ್ಸಿನ್, ಡಯಸ್ಟೇಸುಗಳಂಥವು ಜೀವವಿಲ್ಲದವು. ಈ ಎರಡನೆಯ ಪಂಗಡವನ್ನು ಮಾತ್ರ ಗುರುತಿಸುವುದಕ್ಕಾಗಿ ಹೈಡೆಲ್‌ಬರ್ಗಿನ ಕ್ಯೂನೆ ಎಂಬ ಶರೀರಶಾಸ್ತ್ರಜ್ಞನು 1877ರಲ್ಲಿ 'ಎನ್‌ಜೈಮ್' ಎಂಬ ಶಬ್ದವನ್ನು ಹೊರತಂದನು. ಆ ಶಬ್ದವು ಹುಟ್ಟುವಾಗ ಯೀಸ್ಟಿನ ಕೆಲಸಕ್ಕೆ ಅದರೊಳಗೆ ಸ್ಥಳವಿರಲಿಲ್ಲವೆಂಬುದು ಗಮನಿಸಬೇಕಾದ ವಿಷಯ.

ಮರುವರ್ಷವೇ ಫ್ರಾನ್ಸಿನಲ್ಲಿ ಒಂದು ವ್ಯಥೆಯ ಪ್ರಸಂಗ ನಡೆಯಿತು. 1878ರ ಫೆಬ್ರವರಿಯಲ್ಲಿ ಕ್ಲೋದ್ ಬರ್ನಾರ್ ಎಂಬ ಮಹಾ ಶರೀರಶಾಸ್ತ್ರಜ್ಞನು ತೀರಿಕೊಂಡನು. ಅವನೂ ಪಾಸ್ತರನೂ ಮಿತ್ರರು. ಅವನ ಕಾಗದಪತ್ರಗಳಲ್ಲಿ, ದ್ರಾಕ್ಷಾರಸದಲ್ಲಿ ಜೀವಕಣಗಳಿಲ್ಲದೆಯೂ ಮದ್ಯಸಾರ ಹುಟ್ಟುವುದೆಂದು ಬರೆದುಕೊಂಡ ಟಿಪ್ಪಣಿಗಳು ಸಿಕ್ಕಿದುವು. ಬೆರ್ತಲೋ ಎಂಬ ರಸಾಯನಶಾಸ್ತ್ರಜ್ಞನು ಅವುಗಳನ್ನು ಪ್ರಕಟಿಸಿಬಿಟ್ಟನು. ಸತ್ತ ಮಿತ್ರನು ಸಮಾಧಿಯೊಳಗಿಂದ ತನ್ನ ಮಾತನ್ನು ಅಲ್ಲಗಳೆದಂತಾಗಿ ಪಾಸ್ತರನಿಗೆ ದುಃಖವೂ ಕೋಪವೂ ಒಟ್ಟಿಗೆ ಬಂದುವು. ಆತನು ಆರ್ಬ್ವಾದಲ್ಲಿದ್ದ ತನ್ನ ದ್ರಾಕ್ಷಿಯ ತೋಟಕ್ಕೆ ಗಾಜಿನ ಮನೆಗಳನ್ನು ಸಾಗಿಸಿ, ಕಾಯಿ ಇನ್ನೂ ಹಸುರಾಗಿದ್ದಾಗಲೇ ಬಳ್ಳಿಗಳ ಮೇಲೆ ನಿಲ್ಲಿಸಿದನು; ಗೊಂಚಲುಗಳಿಗೆ ಹತ್ತಿ ಸುತ್ತಿಸಿದನು. ಹಣ್ಣಾದಮೇಲೆ ಹಿಂಡಿದರೆ ಹೊರಗಿನ ದ್ರಾಕ್ಷಿಯ ರಸವೆಲ್ಲ ಹುಳಿಯಿತು. ಗಾಜಿನೊಳಗೆ ಯೀಸ್ಟು ಸೋಕದೆ ಬೆಳೆದ ದ್ರಾಕ್ಷಿಯ ರಸವು ಹುಳಿಯಲಿಲ್ಲ. ಪ್ರಯೋಗವು ನಿರ್ದುಷ್ಟವಾದುದು. ಆದರೆ ಅದು ತೋರಿಸಿದ್ದು ಯೀಸ್ಟಿಲ್ಲದೆ ಮದ್ಯವಾಗುವುದಿಲ್ಲವೆಂಬುದನ್ನು. ಯೀಸ್ಟಿನ ಜೀವವು ಇರಲೇಬೇಕೋ, ಅಥವಾ ಅದರೊಳಗಿನ ಯಾವುದೋ ಪದಾರ್ಥವು ಇದ್ದರೆ ಸಾಕೋ ಎಂಬ ಪ್ರಶ್ನೆಯು ಹಾಗೆಯೇ ಉಳಿಯಿತು. ಯೀಸ್ಟನ್ನು ಕೊಂದರೆ ಕೆಲಸ ನಿಲ್ಲುತ್ತಿತ್ತು; ಕೊಲ್ಲದೆ ಒಳಗಿರುವುದನ್ನು ಹೊರಕ್ಕೆ ತೆಗೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಬೇರೆ ಯಾವುದನ್ನೋ ಹುಡುಕುತ್ತಿದ್ದವರಿಗೆ. ಮ್ಯೂನಿಕ್ ನಗರದ ಹಾನ್ಸ್ ಬುಕ್ನರನು ಜೀವಾಣುಗಳೊಳಗಿನ ರಸದಲ್ಲಿ ರೋಗಕ್ಕೆ ಮದ್ದಿರಬಹುದೆಂದು ನಂಬಿದ್ದನು. ಅವನ ತಮ್ಮ ಎಡ್ವರ್ಡ್ ಬುಕ್ನರನು ರಸಾಯನಶಾಸ್ತ್ರಜ್ಞ. 1893ರಲ್ಲಿಯೇ ತಮ್ಮನು ಯೀಸ್ಟನ್ನು ಅರೆದು ರಸ ತೆಗೆಯುವ ಪ್ರಯತ್ನವನ್ನು ಆರಂಭಿಸಿದ್ದನು. ಇದರಿಂದ ಏನೂ ಫಲವಿಲ್ಲವೆಂದು ಪ್ರಯೋಗಶಾಲೆಯ ಹಿರಿಯರು ಅಭಿಪ್ರಾಯಪಟ್ಟದ್ದರಿಂದ ಕೆಲಸವು ನಿಂತುಹೋಯಿತು. 1896ರ ರಜೆಯಲ್ಲಿ ಮತ್ತೆ ಕೈಹಾಕಿದರು. ಹಾನ್ಸನ ಸಹಾಯಕನಾಗಿದ್ದ ಮಾರ್ಟಿನ್ ಹಾನನ ಸಲಹೆಯೂ ಜೊತೆಗೂಡಿತು. ಸಾವಿರ ಗ್ರಾಮ್ ಯೀಸ್ಟಿಗೆ ಅಷ್ಟೇ ತೂಕದ ಬೆಣಚುಕಲ್ಲಿನ ಮರಳು, ಇನ್ನೂರೈವತ್ತು ಗ್ರಾಮ್ ಮಣ್ಣಿನಂಥ ಕೀಸೆಲ್‌ಗುರ್ ಎಂಬ ಪುಡಿ. ಇವನ್ನು ಕೂಡಿಸಿ ಒರಳಿನಲ್ಲಿ ಹಿಟ್ಟು ಕಲಸಿದ ಹಾಗಾಗುವವರೆಗೆ ಅರೆಯುವುದು. ಆಮೇಲೆ ಗಟ್ಟಿಬಟ್ಟೆಯಲ್ಲಿ ಸುತ್ತಿ ಒತ್ತುಯಂತ್ರದಲ್ಲಿಟ್ಟು ಹಿಂಡುವುದು. ಹೀಗೆ ಸುಮಾರು ಐನೂರು ಘನ ಸೆಂಟಿಮೀಟರು ತಿಳಿರಸ ಬಂದಿತು. ರಸವು ಬೇಗ ಕೆಡುತ್ತಿತ್ತು. ಹಣ್ಣನ್ನು ಕೆಡದಂತಿಡಲು ಸಕ್ಕರೆಯ ಪಾಕದಲ್ಲಿ ಹಾಕುವುದಿಲ್ಲವೆ? ಹಾಗೆಯೇ ಇದಕ್ಕೂ ಸಕ್ಕರೆಯನ್ನು ಹೇರಳವಾಗಿ ಬೆರೆಸಿದರು. ಸ್ವಲ್ಪ ಹೊತ್ತಿನಲ್ಲಿ ರಸದೊಳಗಿಂದ ಗುಳ್ಳೆಗಳು ಏಳತೊಡಗಿದುವು. ಒಂದು ಜೀವಕಣವೂ ಉಳಿಯದ ರಸವು ಸಕ್ಕರೆಯನ್ನು ಮದ್ಯಸಾರವಾಗಿಯೂ ಅಂಗಾರಾಮ್ಲ ವಾಯುವಾಗಿಯೂ ಒಡೆಯುತ್ತಿತ್ತು.

ಕಾಣಬಾರದ ಗುಳ್ಳೆಯನ್ನು ಕಂಡವನು ಅದನ್ನು ಒರಸಿಹಾಕಿ ಸುಮ್ಮನಾಗಬಹುದಾಗಿತ್ತು. ಬುಕ್ನರನು ಹಾಗೆ ಮಾಡಲಿಲ್ಲ. 1897ರ ಜನವರಿಯಲ್ಲಿ ಅವನು ಬರೆದ ಲೇಖನದ ಶೀರ್ಷಿಕೆಯೇ ಎಲ್ಲವನ್ನೂ ಹೇಳಿತು: ಯೀಸ್ಟಿನ ಕಣಗಳಿಲ್ಲದ ಮದ್ಯಸಾರದ ಹುಳಿಯುವಿಕೆ. ಆ ವೇಳೆಗೆ ಲೀಬಿಗನು ಸತ್ತು ಇಪ್ಪತ್ತನಾಲ್ಕು ವರ್ಷವಾಗಿತ್ತು. ಪಾಸ್ತರನು ಸತ್ತು ಎರಡು ವರ್ಷವೂ ತುಂಬಿರಲಿಲ್ಲ. ಇಬ್ಬರಲ್ಲಿ ಯಾರು ಗೆದ್ದಂತಾಯಿತು? ಕೆಲಸಮಾಡುವುದು ಜಡವಾದ ಪದಾರ್ಥವೆಂಬಷ್ಟರಲ್ಲಿ ಲೀಬಿಗನ ಕಡೆಯ ಮಾತು ನಿಂತಿತು. ಆ ಪದಾರ್ಥವನ್ನು ಯೀಸ್ಟೆಂಬ ಜೀವಿಯೇ ಮಾಡಬೇಕೆಂಬಷ್ಟರಲ್ಲಿ ಪಾಸ್ತರನ ಮಾತೂ ನಿಂತಿತು. ಎರಡು ಪಂಗಡದ ಹುದುಗುಗಳೂ ಒಂದಾದುವು. ಕ್ಯೂನೆಯ ಶಬ್ದವು ಎಲ್ಲಕ್ಕೂ ಸಾಮಾನ್ಯವಾಯಿತು. ಬುಕ್ನರನಿಗೆ 1907ರಲ್ಲಿ ನೊಬೆಲ್ ಬಹುಮಾನ ಬಂದಿತು. ಹತ್ತು ವರ್ಷಗಳ ಬಳಿಕ, ಮೊದಲನೆಯ ಮಹಾಯುದ್ಧದಲ್ಲಿ ರೂಮೇನಿಯಾದ ರಣರಂಗದಲ್ಲಿ ಸಿಡಿಗುಂಡಿನ ಗಾಯದಿಂದ ಅವನು ಮೃತನಾದನು.

ಇನ್ನು, ಈ ಪದಾರ್ಥವೆಂಥದು ಎಂಬ ಪ್ರಶ್ನೆ. ಇದಕ್ಕೆ ಉತ್ತರ ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಉತ್ತರ ಕೊಟ್ಟವನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳದಿದ್ದ ಒಬ್ಬ ಅಮೆರಿಕದ ಉಪಾಧ್ಯಾಯ. ಜೇಮ್ಸ್ ಸಮ್ನರನಿಗೆ ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯಲ್ಲಿ ಗುಂಡು ತಗಲಿ ಎಡಗೈಯನ್ನು ಕತ್ತರಿಸಬೇಕಾಯಿತು. ಅವನು ಹುಟ್ಟಾ ಎಡಚ. ಒಂಟಿಕೈಯವನಿಗೆ ರಸಾಯನಶಾಸ್ತ್ರವು ಸಲ್ಲದೆಂದು ಹೇಳಿದವರ ಮಾತನ್ನು ಕೇಳದೆ ಅದನ್ನೇ ಓದಿದನು. 1917ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ, ಖಡ್ಗದಂಥ ಕಾಯಿ ಬಿಡುವ ಜ್ಯಾಕ್‌ಬೀನ್ ಎಂಬ ಅವರೆಯ ಜಾತಿಯ ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಶುದ್ಧಮಾಡಲು ತೊಡಗಿದನು. ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಹುಟ್ಟಿಸುವುದು ಈ ಕಿಣ್ವದ ಕೆಲಸ. ಪ್ರಯೋಗಶಾಲೆಯಲ್ಲಿ ಮಂಜಿನ ಪೆಟ್ಟಿಗೆಯಿರಲಿಲ್ಲ. ಚಳಿ ಬೀಳಲೆಂದು ಪ್ರಾರ್ಥಿಸುತ್ತ ರಸದ ಪಾತ್ರೆಗಳನ್ನು ಕಿಟಕಿಯ ಹೊರಗಣ ಚಾಚಿನ ಮೇಲೆ ಇಡುತ್ತಿದ್ದೆವೆಂದು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಒಂಬತ್ತು ವರ್ಷ ಹೀಗೆ ಕಳೆಯಿತು. 1926ರಲ್ಲಿ ಒಂದು ದಿನ, ಅಸಿಟೋನಿನಲ್ಲಿ ಕಲಸಿ ರಾತ್ರಿಯೆಲ್ಲ ತಣ್ಣಗಿಟ್ಟಿದ್ದ ರಸದ ಒಂದು ಹನಿಯನ್ನು ನೋಡಿದಾಗ ಅದರಲ್ಲಿ ಪುಟ್ಟ ಹರಳುಗಳು ಹೊಳೆಯುತ್ತಿದ್ದುವು. ಆ ಹರಳುಗಳು ಪ್ರೋಟೀನು. ಮೊಟ್ಟೆಯ ಬಿಳಿಯೂ ಬೇಳೆಯ ಸತ್ವವೂ ಯಾವ ಕುಲದವೋ ಆ ಕುಲದ ವಸ್ತು.

ಇದನ್ನು ಯಾರೂ ನಂಬಲಿಲ್ಲ. ಜರ್ಮನಿಯ ವಿಲ್‌ಸ್ಟೆಟರ್ ಎಂಬ ನೊಬೆಲ್ ವಿಜೇತನು ಕಿಣ್ವಗಳು ಪ್ರೋಟೀನಲ್ಲವೆಂದು ಹೇಳಿದ್ದನು. ಅವನು ಶುದ್ಧಮಾಡಿದ ಕಿಣ್ವದಲ್ಲಿ ಪ್ರೋಟೀನಿನ ಗುರುತೇ ಸಿಕ್ಕಿರಲಿಲ್ಲ. ಕಿಣ್ವದ ಅತಿ ಸ್ವಲ್ಪ ಭಾಗವೂ ಕೆಲಸಮಾಡಬಲ್ಲುದಾಗಿ, ಅಷ್ಟು ಸ್ವಲ್ಪವನ್ನು ಕಾಣುವ ಶಕ್ತಿ ಆಗಿನ ಪರೀಕ್ಷೆಗಳಿಗೆ ಇರಲಿಲ್ಲವೆಂಬುದು ಈಗ ನಮಗೆ ಗೊತ್ತು. ದೊಡ್ಡವರ ತಪ್ಪು ದೊಡ್ಡದಾಗಿಯೇ ಇರುತ್ತದೆ. ಅದನ್ನು ತಿದ್ದುವುದಕ್ಕೆ ಕಾಲವೂ ಹೆಚ್ಚು ಬೇಕು. 1930ರಲ್ಲಿ ನಾರ್ಥ್ರಪ್ ಎಂಬಾತನು ಪೆಪ್ಸಿನ್ನನ್ನೂ ಹರಳುಗಟ್ಟಿಸಿದಮೇಲೆ ವಾದವು ಮೆಲ್ಲನೆ ಅಡಗಿತು. 1946ರಲ್ಲಿ ಸಮ್ನರನಿಗೂ ನಾರ್ಥ್ರಪನಿಗೂ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು.

ಚಾರ್ವಾಕನ ಪ್ರಶ್ನೆಗೆ ಇನ್ನೊಂದು ಉತ್ತರವು 1969ರಲ್ಲಿ ಬಂದಿತು. ರಿಬೋನ್ಯೂಕ್ಲಿಯೇಸ್ ಎಂಬ ಸಣ್ಣ ಕಿಣ್ವದಲ್ಲಿ 124 ಅಮೈನೋ ಆಮ್ಲಗಳು ಹಾರದ ಮಣಿಗಳಂತೆ ಕೋದುಕೊಂಡಿವೆ. ನ್ಯೂಯಾರ್ಕಿನ ಮೆರಿಫೀಲ್ಡ್ ಎಂಬ ಪಂಡಿತನು ಆ ಮಣಿಗಳನ್ನು ಒಂದಾದ ಮೇಲೊಂದರಂತೆ ಯಂತ್ರದಿಂದ ಪೋಣಿಸಿದನು. ಯಾವ ಜೀವಿಯೂ ಮಾಡದ ಆ ವಸ್ತುವು, ಸ್ವಾಭಾವಿಕವಾದ ಕಿಣ್ವದಷ್ಟು ಚುರುಕಲ್ಲದಿದ್ದರೂ, ಅದೇ ಕೆಲಸವನ್ನೇ ಮಾಡಿತು. ಮಣಿಗಳ ಅನುಕ್ರಮವನ್ನು ಆತನು ಜೀವಿಗಳಿಂದಲೇ ಕಲಿತನಲ್ಲವೆ ಎಂದು ವೇದಾಂತಿಯು ಕೇಳಬಹುದು. ಆ ಚರ್ಚೆಯನ್ನು ಶ್ರೋತೃಗಳಿಗೇ ಬಿಡುತ್ತೇನೆ. ಮತ್ತೊಂದು ತಿದ್ದುಪಡಿಯನ್ನು ಮಾತ್ರ ಹೇಳಿಬಿಡಬೇಕು. ಕಿಣ್ವಗಳೆಲ್ಲ ಪ್ರೋಟೀನುಗಳೇ ಎಂದು ಎಲ್ಲರೂ ಒಪ್ಪಿ ನೆಮ್ಮದಿಯಾಗಿದ್ದಾಗ, 1982ರಲ್ಲಿ ಚೆಕ್ ಎಂಬಾತನು ಪ್ರೋಟೀನಲ್ಲದ ಆರ್‌ಎನ್‌ಎ ಎಂಬ ವಸ್ತುವೂ ಕಿಣ್ವದಂತೆ ನಡೆದುಕೊಳ್ಳುವುದನ್ನು ಕಂಡನು. ವಿಲ್‌ಸ್ಟೆಟರನು ಬದುಕಿದ್ದಿದ್ದರೆ ಸ್ವಲ್ಪ ನಗುತ್ತಿದ್ದನೋ ಏನೋ.

ಕಿಣ್ವವು ಕೆಲಸಮಾಡುವ ರೀತಿಯೇನು? ಬಯಲಿನಿಂದ ಕರಾವಳಿಗೆ ಹೋಗುವ ನೀರನ್ನು ಊಹಿಸಿಕೊಳ್ಳಿ. ಕರಾವಳಿಯು ತಗ್ಗಿನಲ್ಲಿದ್ದರೂ ನಡುವೆ ಘಟ್ಟದ ಏಣು ಅಡ್ಡವಾಗಿದ್ದರೆ ನೀರು ಅತ್ತ ಹರಿಯದು. ಏಣಿನಲ್ಲಿ ಕಣಿವೆಯೊಂದನ್ನು ಕಡಿದುಕೊಟ್ಟರೆ ಹರಿಯುತ್ತದೆ. ಬಯಲಿನ ಎತ್ತರವಾಗಲಿ ಕರಾವಳಿಯ ತಗ್ಗಾಗಲಿ ಇದರಿಂದ ಬದಲಾಗುವುದಿಲ್ಲ. ಹಾಗೆಯೇ ಕಿಣ್ವವು ಆಗಲಾರದ ಕ್ರಿಯೆಯನ್ನು ಆಗಮಾಡುವುದಿಲ್ಲ. ಆಗಬಹುದಾದುದಕ್ಕೆ ಅಡ್ಡವಿರುವ ಏಣನ್ನು ತಗ್ಗಿಸುತ್ತದೆ. ತಾನು ವೆಚ್ಚವಾಗದೆ ಉಳಿದು ಮತ್ತೊಂದು ಅಣುವಿನ ಕಡೆಗೆ ತಿರುಗುತ್ತದೆ. ನಮ್ಮ ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವದ ಒಂದೊಂದು ಅಣುವೂ ಒಂದು ಸೆಕೆಂಡಿನಲ್ಲಿ ಹೈಡ್ರೊಜನ್ ಪೆರಾಕ್ಸೈಡಿನ ಲಕ್ಷಾಂತರ ಅಣುಗಳನ್ನು ಒಡೆಯಬಲ್ಲುದು. ಇಷ್ಟು ಚುರುಕಾದರೂ ಕಿಣ್ವವು ಸಿಕ್ಕಿದ್ದಕ್ಕೆಲ್ಲ ಕೈಹಾಕುವುದಿಲ್ಲ. 1894ರಲ್ಲಿ ಎಮಿಲ್ ಫಿಷರನು ಇದನ್ನು ಬೀಗಕ್ಕೂ ಬೀಗದಕೈಗೂ ಹೋಲಿಸಿದನು. 1965ರಲ್ಲಿ ಲಂಡನ್ನಿನ ಫಿಲಿಪ್ಸ್ ಎಂಬಾತನೂ ಅವನ ಜೊತೆಗಾರರೂ ಎಕ್ಸ್‌ಕಿರಣಗಳಿಂದ ಲೈಸೋಜೈಮ್ ಎಂಬ ಕಿಣ್ವದ ಅಣುವಿನ ರೂಪವನ್ನು ಬಿಡಿಸಿ ನೋಡಿದಾಗ ಫಿಷರನ ಊಹೆಯು ಕಣ್ಣಿಗೆ ಕಾಣಿಸಿತು. ಮುದುಡಿದ ಆ ಅಣುವಿನ ಒಂದು ಪಕ್ಕದಲ್ಲಿ ಉದ್ದನೆಯ ಸೀಳು. ಅದರಲ್ಲಿ ಸಕ್ಕರೆಯ ಸರಪಣಿಯು ಕುಳಿತು, ಬಾಗಿ, ತುಂಡಾಗುತ್ತದೆ. ಬೀಗವು ಲೋಹದ್ದಲ್ಲವೆಂಬುದನ್ನು ಮಾತ್ರ ಮರೆಯಬಾರದು. ಅದು ಮಿದುವಾದುದು, ಕೈಗೆ ತಕ್ಕಂತೆ ತಾನೂ ಸ್ವಲ್ಪ ಹೊಂದಿಕೊಳ್ಳುತ್ತದೆ. ಬಿಸಿ ಹೆಚ್ಚಾದರೆ ಮೊಟ್ಟೆಯ ಬಿಳಿಯು ಗಟ್ಟಿಯಾಗುವಂತೆ ಅದರ ರೂಪವು ಕೆಡುತ್ತದೆ. ಪಾಯೆನ್ನನ ಪುಡಿಯು ಕುದಿಸಿದರೆ ನಿಷ್ಪ್ರಯೋಜಕವಾದುದು ಇದರಿಂದಲೇ. ಹೆಚ್ಚಿದ ಬದನೆಕಾಯಿಯನ್ನು ಕಪ್ಪಾಗದಿರಲೆಂದು ನೀರಿನಲ್ಲಿ ಹಾಕುವಾಗ ನಾವು ತಡೆಯುತ್ತಿರುವುದೂ ಒಂದು ಕಿಣ್ವವನ್ನೇ. ಅದಕ್ಕೆ ಬೇಕಾದ ಗಾಳಿಯನ್ನು ದೂರಮಾಡುತ್ತೇವೆ.

ಶರೀರದಲ್ಲಿ ಇಂಥ ಕಿಣ್ವಗಳು ಸಾವಿರಾರು. ಅವುಗಳಲ್ಲಿ ಒಂದೇ ಒಂದು ಇಲ್ಲದೆಹೋದರೆ ಏನಾಗಬಹುದೆಂಬುದನ್ನು ಮೊದಲು ಊಹಿಸಿದವನು ಲಂಡನ್ನಿನ ವೈದ್ಯ ಗ್ಯಾರಡ್. ಕೆಲವು ಕೂಸುಗಳ ಮೂತ್ರವು ಗಾಳಿ ತಗಲಿದರೆ ಕಪ್ಪಾಗುತ್ತಿತ್ತು. ಹುಟ್ಟಿದಂದಿನಿಂದಲೇ ಬಟ್ಟೆಯಲ್ಲಿ ಕಪ್ಪು ಕಲೆ. ಇಂಥ ಕೂಸುಗಳ ತಂದೆತಾಯಿಗಳು ಅನೇಕ ಕಡೆ ಹತ್ತಿರದ ಸಂಬಂಧಿಗಳೆಂಬುದನ್ನು ಗ್ಯಾರಡನು ಗಮನಿಸಿದನು. ಇದು ಅಂಟುರೋಗವಲ್ಲ, ವಂಶದಿಂದ ಬಂದ ಒಂದು ಕೊರತೆ, ದೇಹದ ರಸಾಯನದಲ್ಲಿ ಒಂದು ಮೆಟ್ಟಿಲು ತಪ್ಪಿಹೋಗಿದೆ ಎಂಬುದಾಗಿ 1902ರಲ್ಲಿಯೂ, ಮತ್ತೆ 1908ರ ಉಪನ್ಯಾಸಗಳಲ್ಲಿಯೂ ವಾದಿಸಿದನು. ಬಹುಕಾಲ ಯಾರೂ ಕಿವಿಗೊಡಲಿಲ್ಲ. 1934ರಲ್ಲಿ ನಾರ್ವೆಯ ಫೊಲಿಂಗ್ ಎಂಬ ವೈದ್ಯನ ಬಳಿಗೆ ಬುದ್ಧಿ ಬೆಳೆಯದ ಇಬ್ಬರು ಮಕ್ಕಳನ್ನು ಅವರ ತಾಯಿ ಕರೆತಂದಳು. ಮಕ್ಕಳ ಮೈಯಿಂದ ವಿಚಿತ್ರವಾದ ವಾಸನೆ ಬರುತ್ತಿದೆ, ಕಾರಣವೇನೆಂದು ಅವಳು ವೈದ್ಯರಿಂದ ವೈದ್ಯರಿಗೆ ಅಲೆದಿದ್ದಳು. ಫೊಲಿಂಗನು ಮೂತ್ರವನ್ನು ಪರೀಕ್ಷಿಸಿ, ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸುವ ಕೆಲಸವು ನಡೆಯುತ್ತಿಲ್ಲವೆಂದು ತೋರಿಸಿದನು. ಆ ಇಬ್ಬರು ಮಕ್ಕಳಿಗೆ ಇದರಿಂದ ಪ್ರಯೋಜನವಾಗಲಿಲ್ಲ. ಆದರೆ 1960ರ ದಶಕದಲ್ಲಿ, ಹುಟ್ಟಿದ ಕೂಸಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಈ ಕೊರತೆಯನ್ನು ಕಂಡುಹಿಡಿಯುವ ಪರೀಕ್ಷೆಯನ್ನು ಅಮೆರಿಕದ ಗತ್ರಿ ಎಂಬಾತನು ಬಳಕೆಗೆ ತಂದನು. ಮೊದಲ ವಾರಗಳಿಂದಲೇ ಆಹಾರವನ್ನು ತಕ್ಕಂತೆ ಮಾರ್ಪಡಿಸಿದರೆ ಅಂಥ ಮಗುವು ಎಲ್ಲ ಮಕ್ಕಳಂತೆ ಓದಿ ಬರೆದು ಬಾಳಬಲ್ಲುದು. ಸೋದರಮಾವನ ಮಗಳನ್ನೂ ಅಕ್ಕನ ಮಗಳನ್ನೂ ತರುವ ವಾಡಿಕೆಯುಳ್ಳ ನಮ್ಮ ನಾಡಿನವರು ಗ್ಯಾರಡನ ಮಾತಿಗೆ ಬೇರೆಯವರಿಗಿಂತ ಹೆಚ್ಚಾಗಿ ಕಿವಿಗೊಡಬೇಕಾಗಿದೆ.

ಕಾರ್ಖಾನೆಗಳಿಗೆ ಕಿಣ್ವವು ಬಂದುದು ಬಹುಮಟ್ಟಿಗೆ ಹಿಂಬಾಗಿಲಿನಿಂದ. ಜಪಾನಿನ ತಕಮಿನೆಯು ಅಕ್ಕಿಯ ಮೇಲೆ ಬೆಳೆಸುವ ಕೋಜಿ ಎಂಬ ಬೂಸಲನ್ನು ಗೋಧಿಯ ಬೂಸದ ಮೇಲೆ ಬೆಳೆಸಿ ಡಯಸ್ಟೇಸ್ ತೆಗೆಯುವ ಕ್ರಮಕ್ಕೆ 1894ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದನು. ವಿಸ್ಕಿಯ ಕಾರ್ಖಾನೆಗಾಗಿ ತಂದುದು ಕಡೆಗೆ ಅಜೀರ್ಣದ ಮದ್ದಾಗಿ ಪ್ರಸಿದ್ಧವಾಯಿತು. ಇದಕ್ಕಿಂತಲೂ ವಿಚಿತ್ರವಾದುದು ಚರ್ಮದ ಕಥೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ತೊಗಲು ಬಿರುಸಾಗಿರುತ್ತದೆ. ಕೈಚೀಲಕ್ಕೋ ಕೈಗವಸಿಗೋ ಬೇಕಾದ ಮಾರ್ದವವು ಬರಬೇಕಾದರೆ ಯೂರೋಪಿನ ಹದಗಾರರು ಅದನ್ನು ನಾಯಿಯ ಹೇಲನ್ನೋ ಪಾರಿವಾಳದ ಹಿಕ್ಕೆಯನ್ನೋ ಕದಡಿದ ಬೆಚ್ಚಗಿನ ನೀರಿನಲ್ಲಿ ನೆನೆಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಬೀದಿಗಳಲ್ಲಿ ನಾಯಿಯ ಹೇಲನ್ನು ಆಯ್ದು ಹದಗಾರರಿಗೆ ಮಾರಿ ಬದುಕುವ ಬಡವರೇ ಇದ್ದರು. ಈ ನೀರಿನಲ್ಲಿ ಕೆಲಸಮಾಡುವುದು ಕಿಣ್ವಗಳೆಂದು ನಾಟಿಂಗ್ಯಾಮಿನ ವುಡ್ ಎಂಬ ಹದಗಾರನು ತೋರಿಸಿದನು. ಜರ್ಮನಿಯ ಓಟೋ ರೋಮ್ ಎಂಬಾತನು 1908ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವದಿಂದ ಒರೊಪಾನ್ ಎಂಬ ಪುಡಿಯನ್ನು ಮಾಡಿ ಮಾರಾಟಕ್ಕೆ ತಂದನು. ಶತಮಾನಗಳ ಹೊಲಸೊಂದು ಕೆಲವೇ ವರ್ಷಗಳಲ್ಲಿ ಹದಗಾರರ ಅಂಗಳದಿಂದ ಹೊರಟುಹೋಯಿತು. ಚರ್ಮದ ಕೆಲಸಗಾರನ ಕೈಯನ್ನು ಶುಚಿಮಾಡಿದ ಉಪಕಾರವು ಸಣ್ಣದಲ್ಲ. ಕಿಣ್ವಗಳ ಉಪಯೋಗಗಳಲ್ಲಿ ನಾನು ಇದಕ್ಕೇ ಮೊದಲ ಸ್ಥಾನ ಕೊಡುತ್ತೇನೆ.

ಇದೇ ರೋಮನು ಬಟ್ಟೆ ಒಗೆಯುವ ಪುಡಿಗೂ ಕಿಣ್ವವನ್ನು ಹಾಕಿ 1914ರಲ್ಲಿ ಮಾರಾಟಕ್ಕಿಟ್ಟನು. ಸೋಡಾದ ಕ್ಷಾರಕ್ಕೆ ಆ ಕಿಣ್ವವು ನಿಲ್ಲಲಿಲ್ಲ. ಕ್ಷಾರವನ್ನು ತಡೆಯುವ ಕಿಣ್ವಗಳು ಜೀವಾಣುಗಳಿಂದ ದೊರೆತದ್ದು 1960ರ ದಶಕದಲ್ಲಿ. ಆಮೇಲೆ ಈ ಪುಡಿಗಳು ಮನೆಮನೆಗೂ ಹೊಕ್ಕುವು. ಆದರೆ 1969ರಲ್ಲಿ ಇಂಗ್ಲೆಂಡಿನ ವೈದ್ಯರು ಒಂದು ಎಚ್ಚರಿಕೆಯನ್ನು ಪ್ರಕಟಿಸಿದರು. ಪುಡಿ ತಯಾರಿಸುವ ಕಾರ್ಖಾನೆಗಳಲ್ಲಿ ಕಿಣ್ವದ ಧೂಳನ್ನು ಉಸಿರಾಡಿದ ಕೆಲಸಗಾರರಿಗೆ ಉಬ್ಬಸ ಬರುತ್ತಿತ್ತು. ಬಟ್ಟೆಯ ಮೇಲಿನ ರಕ್ತದ ಕಲೆಯನ್ನು ಕರಗಿಸುವ ವಸ್ತುವು ಶ್ವಾಸಕೋಶಕ್ಕೆ ಹೊಕ್ಕರೆ ಸುಮ್ಮನಿರುವುದೆ? ಕಿಣ್ವವನ್ನು ಮೇಣದಂಥ ವಸ್ತುವಿನ ಹೊದಿಕೆಯುಳ್ಳ ಗುಂಡುಗಳಾಗಿ ಮಾಡಿ ಧೂಳೇಳದಂತೆ ಮಾಡಿದಮೇಲೆ ಈ ತೊಂದರೆಯು ಬಹಳ ಇಳಿಯಿತು.

ಚೀಸಿನ ವಿಷಯವು ನಮ್ಮಲ್ಲಿ ಅನೇಕರಿಗೆ ಬೇರೆ ರೀತಿಯಲ್ಲಿ ಮುಖ್ಯವಾದುದು. ಹಾಲನ್ನು ಗಟ್ಟಿಗೊಳಿಸಲು ಬೇಕಾದ ರೆನೆಟ್ ಎಂಬುದನ್ನು ಹಾಲೂಡುವ ಎಳೆಗರುವಿನ ಜಠರದಿಂದ ತೆಗೆಯುತ್ತಿದ್ದರು. 1874ರಲ್ಲಿ ಡೆನ್ಮಾರ್ಕಿನ ಹಾನ್‌ಸೆನ್ ಎಂಬಾತನು ಇದನ್ನು ಹದವರಿತು ತಯಾರಿಸಿ ಮಾರತೊಡಗಿದನು. 1990ರಲ್ಲಿ, ಕರುವಿನ ಆ ಕಿಣ್ವದ ಲಿಪಿಯನ್ನು ಜೀವಾಣುವಿನೊಳಗೆ ಸೇರಿಸಿ, ಜೀವಾಣುವಿನಿಂದಲೇ ಅದನ್ನು ಮಾಡಿಸುವ ಕ್ರಮಕ್ಕೆ ಅಮೆರಿಕದ ಸರ್ಕಾರವು ಒಪ್ಪಿಗೆ ಕೊಟ್ಟಿತು. ಕರುವನ್ನು ಕೊಲ್ಲದೆ ಕರುವಿನ ಕಿಣ್ವ. ಸಸ್ಯಾಹಾರಿಯು ಇದನ್ನು ಒಪ್ಪಬಹುದೆ ಬಾರದೆ ಎಂಬುದಕ್ಕೆ ಧರ್ಮಶಾಸ್ತ್ರಗಳಲ್ಲಿ ಉತ್ತರ ಹುಡುಕುವುದು ಕಷ್ಟ.

ಬೆಂಗಳೂರಿನಲ್ಲಿ ಈ ಉದ್ಯಮವು ಪರಂಗಿಕಾಯಿಯಿಂದ ಹೆಸರುಗೊಂಡಿತು. ಪರಂಗಿಯ ಹಸಿಕಾಯಿಯನ್ನು ಗೀರಿದರೆ ಒಸರುವ ಹಾಲಿನಲ್ಲಿ ಪಪಾಯಿನ್ ಎಂಬ ಕಿಣ್ವವುಂಟು. ಮಾಂಸವನ್ನು ಮೆತ್ತಗೆ ಮಾಡುವುದಕ್ಕೂ, ಬೀರನ್ನು ತಣ್ಣಗಿಟ್ಟಾಗ ಮಸಕಾಗದಂತೆ ಮಾಡುವುದಕ್ಕೂ ಅದು ಬೇಕು. ಬೀರು ತಯಾರಿಕೆಯನ್ನು ಆಸ್ಟ್ರೇಲಿಯಾದಲ್ಲಿ ಕಲಿತು ಬಂದ ಕಿರಣ್ ಮಜುಮ್‌ದಾರ್ ಅವರಿಗೆ ಹೆಂಗಸೆಂಬ ಕಾರಣದಿಂದ ಆ ಕೆಲಸವು ಇಲ್ಲಿ ಸಿಕ್ಕಲಿಲ್ಲ. 1978ರಲ್ಲಿ ಅವರು ಹತ್ತು ಸಾವಿರ ರೂಪಾಯಿ ಬಂಡವಾಳದಿಂದ, ಬಾಡಿಗೆ ಮನೆಯ ಮೋಟಾರು ಕೊಟ್ಟಿಗೆಯಲ್ಲಿ, ಬಯೋಕಾನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲ ಸರಕುಗಳಲ್ಲಿ ಪಪಾಯಿನ್ನೂ ಒಂದು. ಅದು ಬೇಗನೆ ಹೊರದೇಶಗಳಿಗೂ ಹೋಗತೊಡಗಿತು. 2007ರಲ್ಲಿ ಆ ಸಂಸ್ಥೆಯು ಕಿಣ್ವದ ವ್ಯಾಪಾರವನ್ನು ಡೆನ್ಮಾರ್ಕಿನ ಸಂಸ್ಥೆಯೊಂದಕ್ಕೆ ಮಾರಿ, ಔಷಧಗಳ ಕಡೆಗೆ ತಿರುಗಿತು.

ಕಡೆಯದಾಗಿ ಒಂದು ಸುದ್ದಿ. ಕಿಣ್ವಗಳನ್ನು ಪ್ರಕೃತಿಯಲ್ಲಿ ಇದ್ದಂತೆ ತೆಗೆದುಕೊಳ್ಳುವ ಬದಲು, ಅವುಗಳ ಲಿಪಿಯಲ್ಲಿ ಅಲ್ಲಲ್ಲಿ ವ್ಯತ್ಯಾಸಗಳನ್ನು ಎಬ್ಬಿಸಿ, ಬಂದ ಸಾವಿರಾರು ಮರಿಗಳಲ್ಲಿ ಒಳ್ಳೆಯದನ್ನು ಆರಿಸಿ, ಅದರಿಂದ ಮತ್ತೆ ಮರಿಗಳನ್ನು ಪಡೆಯುವ ಕ್ರಮವನ್ನು ಅಮೆರಿಕದ ಫ್ರಾನ್ಸಿಸ್ ಆರ್ನಲ್ಡ್ ಎಂಬ ವಿದುಷಿಯು ನಡೆಸಿಕೊಂಡು ಬಂದಳು. 2018ರ ನೊಬೆಲ್ ಬಹುಮಾನದ ಅರ್ಧವು ಅವಳಿಗೆ ಸಂದಿತು. ಬಿತ್ತನೆಗೆ ಒಳ್ಳೆಯ ಕಾಳನ್ನು ಆರಿಸಿಡುವ ರೈತನಿಗೆ ಇದರಲ್ಲಿ ಹೊಸದೇನೂ ಕಾಣದು. 2016ರಲ್ಲಿ ಅವಳ ಪ್ರಯೋಗಶಾಲೆಯವರು ಬಿಸಿನೀರಿನ ಬುಗ್ಗೆಯಲ್ಲಿ ವಾಸಿಸುವ ಒಂದು ಜೀವಾಣುವಿನ ಪ್ರೋಟೀನನ್ನು ಹೀಗೆ ಸಾಕಿ, ಇಂಗಾಲಕ್ಕೂ ಸಿಲಿಕಾನಿಗೂ ಗಂಟುಹಾಕುವ ಕೆಲಸವನ್ನು ಅದರಿಂದ ಮಾಡಿಸಿದರು. ಮರಳೂ ಬೆಣಚುಕಲ್ಲೂ ಆಗಿರುವುದು ಸಿಲಿಕಾನಿನಿಂದಲೇ. ಬುಕ್ನರನು ಯೀಸ್ಟನ್ನು ಅರೆಯುವುದಕ್ಕೆ ಹಾಕಿದ ಮರಳಿನಲ್ಲಿದ್ದದ್ದೂ ಅದೇ. ಆ ಗಂಟನ್ನು ತಾನಾಗಿ ಹಾಕುವ ಜೀವಿಯೊಂದೂ ಈ ಭೂಮಿಯ ಮೇಲೆ ಇದುವರೆಗೆ ಕಂಡುಬಂದಿಲ್ಲ.